ಹುಲ್ಲಿನಲ್ಲಿ ಹುಟ್ಟಿದ ಚಿಪ್ಪಣಬೆ

ನೆನೆಸಿ, ಬಿಸಿನೀರಿನಲ್ಲಿ ಹದ ಮಾಡಿ, ಬಸಿಯಲು ಬಿಟ್ಟ ಭತ್ತದ ಹುಲ್ಲನ್ನು ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಹಿಂಡಬೇಕು. ಅಂಗೈ ಒದ್ದೆಯಾಗಬೇಕು, ಹನಿ ಉದುರಬಾರದು. ಹನಿ ಉದುರಿತೆಂದರೆ ಹುಲ್ಲು ಚೀಲದೊಳಗೆ ಕೊಳೆತು ನಾರುತ್ತದೆ. ಅಂಗೈ ಒಣಗಿಯೇ ಉಳಿಯಿತೆಂದರೆ ಅಣಬೆಯ ಎಳೆ ಹಬ್ಬದೆ ನಿಂತುಬಿಡುತ್ತದೆ. ಚಿಪ್ಪಣಬೆ ಬೆಳೆಯುವುದನ್ನು ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ಇದಕ್ಕೆ ಯಂತ್ರ ಬೇಡ, ಅಳತೆಗೋಲು ಬೇಡ, ಕೈಯೊಂದಿದ್ದರೆ ಸಾಕು.

ಕೊಟ್ಟಿಗೆಯ ಹುಲ್ಲಿಗೂ ಕಾಡಿನ ಮರದ ಬೊಡ್ಡೆಯ ಅಣಬೆಗೂ ಮೊದಲಿನಿಂದ ನಂಟಿರಲಿಲ್ಲ. ನಮ್ಮ ದೇಶದಲ್ಲಿ ಆ ನಂಟು ಕುದುರಿದ್ದಕ್ಕೆ ಒಂದು ಊರಿದೆ, ಒಂದು ಇಸವಿಯಿದೆ: ಮೈಸೂರು, 1962. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಜಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಆ ವರ್ಷ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. 'ಪ್ಲೂರೋಟಸ್' ಕುಲದ ಅಣಬೆಯನ್ನು, ಅಂದರೆ ಚಿಪ್ಪಣಬೆಯನ್ನು, ಭತ್ತದ ಹುಲ್ಲಿನ ಮೇಲೆ ಬೆಳೆಸಿದ ಪ್ರಯೋಗದ ವರದಿ ಅದು. ಆಗ ಅವರ ಮುಂದಿದ್ದ ಪ್ರಶ್ನೆ ಹಸಿವಿನದು: ಬೇಳೆಗೂ ಹಾಲಿಗೂ ಗತಿಯಿಲ್ಲದವರ ತಟ್ಟೆಗೆ ಪ್ರೋಟೀನ್ ತರುವುದು ಹೇಗೆ? ಅರವತ್ತು ವರ್ಷ ಕಳೆದ ಮೇಲೆ ಅದೇ ಅಣಬೆ ಬೇರೊಂದು ಮನೆಯ ಬಾಗಿಲು ತಟ್ಟುತ್ತಿದೆ. ರಕ್ತಪರೀಕ್ಷೆಯ ಚೀಟಿ ಹಿಡಿದು 'ಶುಗರ್ ಬಾರ್ಡರ್‌ನಲ್ಲಿದೆಯಂತೆ' ಎಂದು ಚಿಂತೆಯಲ್ಲಿ ಕೂತವರ ಮನೆ ಅದು. ತಿನ್ನಲು ಕಡಿಮೆಯಾದವರಿಗೆಂದು ಹುಲ್ಲಿನಲ್ಲಿ ಹುಟ್ಟಿದ ಅಣಬೆ, ಅಕ್ಕಿ ಹೆಚ್ಚಾದವರ ತಟ್ಟೆಗೆ ಬಂದ ಕತೆ ಇದು.

ಕನ್ನಡನಾಡಿಗೆ ಅಣಬೆ ಹೊಸದಲ್ಲ. ಬೆಳೆದು ತಿನ್ನುವುದು ಹೊಸದು, ಆಯ್ದು ತಿನ್ನುವುದು ಹಳೆಯದು. ಮುಂಗಾರಿನ ಮೊದಲ ಮಳೆ ಗುಡುಗು ಸಿಡಿಲಿನೊಂದಿಗೆ ಬಿದ್ದುಹೋದ ಮೇಲೆ ಮಲೆನಾಡಿನ ಹೆಂಗಸರು, ಮಕ್ಕಳು ಬೆಳಗಾಗುವ ಮೊದಲೇ ಹುತ್ತಗಳ ಕಡೆ ಹೊರಡುತ್ತಿದ್ದರು. ಈಗಲೂ ಹೊರಡುತ್ತಾರೆ. ಗುಡುಗಿದರೆ ಅಣಬೆ ಏಳುತ್ತದೆ ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಇದೆ. ಒಂದೊಂದು ಮನೆಗೂ ಒಂದೊಂದು ಜಾಗ ಗೊತ್ತು, ಆ ಜಾಗದ ಗುಟ್ಟನ್ನು ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲಿ ತಿನ್ನುವಂಥದ್ದು ಅಣಬೆ, ತಿನ್ನಬಾರದ್ದು ಬಹುಮಟ್ಟಿಗೆ ನಾಯಿಕೊಡೆ. ತುಳುವಿನಲ್ಲಿ ಲಾಂಬು, ಕೊಡವ ತಕ್ಕಿನಲ್ಲಿ ಕುಮ್ಮ್, ಕೊಂಕಣಿಯಲ್ಲಿ ಅಳಂಬೆ. ತುಳುನಾಡಿನ ಕಲ್ಲಲಾಂಬು ಕೊಡೆಯನ್ನೇ ಬಿಚ್ಚುವುದಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಮುರಕಲ್ಲಿನ ನೆಲವನ್ನು ಕೆದಕಿದರೆ ಗೋಲಿಯಂತೆ ಸಿಗುತ್ತದೆ. ಕೊಯ್ದಾಗ ಒಳಗೆ ಬೆಳ್ಳಗಿದ್ದರೆ ಸಾರಿಗೆ, ಕಪ್ಪಾಗಿದ್ದರೆ ತಿಪ್ಪೆಗೆ. ಕೊಡಗಿನಲ್ಲಿ ಕುಮ್ಮ್ ಕರಿ ಮಾಡಿದ ದಿನ ಅಕ್ಕಿರೊಟ್ಟಿಗೆ ಬೇರೆ ನೆಂಚಿಕೆ ಬೇಕಾಗುವುದಿಲ್ಲ.

ಹುತ್ತದ ಅಣಬೆಯ ಒಳಗುಟ್ಟು ಬಿಡಿಸಿ ನೋಡುವಂಥದ್ದು. ಗೆದ್ದಲು ತಿಂದು ತಂದ ಒಣಗಿದ ಎಲೆ, ಕಡ್ಡಿಗಳನ್ನು ಹುತ್ತದೊಳಗೆ ಜೇನುಹುಟ್ಟಿನಂಥ ತೋಟವಾಗಿ ಕಟ್ಟುತ್ತದೆ. ಆ ತೋಟದಲ್ಲಿ ಒಂದು ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಜೀರ್ಣವಾಗದ್ದನ್ನು ಅದು ಮೆದು ಮಾಡಿಕೊಡುತ್ತದೆ. ಮಳೆಯ ತೇವ ಒಳಗಿಳಿದಾಗ ಅದೇ ಶಿಲೀಂಧ್ರ ಬೇರಿನಂಥ ಉದ್ದನೆಯ ಬಾಲವನ್ನು ಮಣ್ಣಿನೊಳಗಿಂದ ಮೇಲಕ್ಕೆ ನೂಕಿ ಹೊರಗೆ ಕೊಡೆ ಬಿಚ್ಚುತ್ತದೆ. ಫ್ರಾನ್ಸಿನ ರೋಜೆ ಹೈಮ್ 1942ರಲ್ಲಿ ಈ ಕುಲಕ್ಕೆ 'ಟರ್ಮಿಟೋಮೈಸಿಸ್' ಎಂದು ಹೆಸರಿಟ್ಟರು. ಗೆದ್ದಲಿನ ಶಿಲೀಂಧ್ರ ಎಂದೇ ಅದರ ಅರ್ಥ. ತಿಳಿದವರು ಅಣಬೆಯನ್ನು ಮೆಲ್ಲಗೆ ತಿರುಚಿ ಎಳೆಯುತ್ತಾರೆ, ಗುದ್ದಲಿ ಹಾಕುವುದಿಲ್ಲ. ಹುತ್ತ ಕೆಟ್ಟರೆ ಮುಂದಿನ ವರ್ಷ ಅಲ್ಲಿ ಅಣಬೆಯಿಲ್ಲ. ಗೆದ್ದಲಿನ ಸಂಗವಿಲ್ಲದೆ ಇದನ್ನು ಕೊಟ್ಟಿಗೆಯಲ್ಲಿ ಬೆಳೆದು ಮಾರುವ ದಾರಿಯನ್ನು ಮನುಷ್ಯ ಇನ್ನೂ ಕಂಡುಕೊಂಡಿಲ್ಲ. ಹಾಗಾಗಿ ನಾಡಿನ ಅತ್ಯಂತ ರುಚಿಯ ಅಣಬೆ ಎಂದಿಗೂ ವರ್ಷದಲ್ಲಿ ಕೆಲವೇ ದಿನದ ಅತಿಥಿ.

ಶಾಸ್ತ್ರಗಳು ಅಣಬೆಯನ್ನು ಎರಡು ಬಗೆಯಲ್ಲಿ ಕಂಡಿವೆ. ಮನುಸ್ಮೃತಿಯ ಐದನೆಯ ಅಧ್ಯಾಯ ದ್ವಿಜರಿಗೆ ನಿಷಿದ್ಧವಾದವುಗಳ ಪಟ್ಟಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ಜೊತೆ ಅಣಬೆಯನ್ನೂ ಸೇರಿಸಿತು. ಅದರ ನೆರಳು ಇವತ್ತಿಗೂ ಅನೇಕ ಅಡುಗೆಮನೆಗಳ ಮೇಲಿದೆ. ವೈದ್ಯರು ಮಾತ್ರ ಬೇರೆ ಕಣ್ಣಿನಿಂದ ನೋಡಿದರು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಆಹಾರದ ಗುಣಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ಅಣಬೆಗಳನ್ನು ಅವು ಹುಟ್ಟುವ ನೆಲೆಯಿಂದ ಐದಾಗಿ ವಿಂಗಡಿಸಿದ್ದಾರೆ: ಹುಲ್ಲಿನಲ್ಲಿ, ಕಬ್ಬಿನಲ್ಲಿ, ಸಗಣಿಯಲ್ಲಿ, ಬಿದಿರಿನಲ್ಲಿ, ನೆಲದಲ್ಲಿ ಹುಟ್ಟಿದ್ದು ಎಂದು. ಇವುಗಳಲ್ಲಿ ಹುಲ್ಲಿನಲ್ಲಿ ಹುಟ್ಟಿದ್ದು ಸಿಹಿಯಾದದ್ದು, ದೋಷಗಳನ್ನು ಶಮನ ಮಾಡುವಂಥದ್ದು ಎಂದು ಸಂಹಿತೆ ಹೇಳುತ್ತದೆ. ಜೇನಿನಂತೆ ಸಿಹಿಯಾದ ಮೂತ್ರದ ರೋಗವನ್ನು ಮಧುಮೇಹ ಎಂದು ವಿವರಿಸಿದ್ದೂ ಇದೇ ಸಂಹಿತೆ. ಅಣಬೆಗೂ ಮಧುಮೇಹಕ್ಕೂ ಸುಶ್ರುತ ಗಂಟು ಹಾಕಿದರೆಂದು ಇದನ್ನು ಎಳೆಯುವುದು ತಪ್ಪು. ಆದರೆ ಹುಲ್ಲು ಒಳ್ಳೆಯ ಅಣಬೆಯ ತವರು ಎಂದು ಯಾರೋ ಅಷ್ಟು ಹಿಂದೆಯೇ ಗಮನಿಸಿದ್ದರು ಎಂಬುದು ಖುಷಿಯ ಸಂಗತಿ.

ಚಿಪ್ಪಣಬೆ ಮನುಷ್ಯನ ಕೈಗೆ ಬಂದದ್ದು ಯುದ್ಧಕಾಲದ ಹಸಿವಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಆಹಾರದ ಬರ ಬಂದಿತ್ತು. 1917ರಲ್ಲಿ ಅರಣ್ಯ ಶಿಲೀಂಧ್ರಗಳ ತಜ್ಞ ರಿಚರ್ಡ್ ಫಾಲ್ಕ್ ಮರದ ಬೊಡ್ಡೆ, ದಿಮ್ಮಿಗಳಿಗೆ ಅಣಬೆಯ ಎಳೆ ಕೂಡಿಸಿ ಬೆಳೆ ತೆಗೆದ ಬಗೆಯನ್ನು ಬರೆದಿಟ್ಟರು. ಯಹೂದಿಯಾದ ಅವರು 1933ರಲ್ಲಿ ನಾಜಿಗಳ ಆಳ್ವಿಕೆ ಬಂದಾಗ ದೇಶ ಬಿಡಬೇಕಾಯಿತು. ಅವರ ದಿಮ್ಮಿಯ ವಿದ್ಯೆ ಮಾತ್ರ ಉಳಿಯಿತು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಬ್ಲಾಕ್ ಮತ್ತು ಸಂಗಡಿಗರು ಮರದ ಹೊಟ್ಟಿನ ಮೇಲೆ ಅದೇ ಅಣಬೆ ಬೆಳೆದರು.

ದಿಮ್ಮಿಯಾಗಲಿ ಮರದ ಹೊಟ್ಟಾಗಲಿ ನಮ್ಮ ಸಣ್ಣ ರೈತನ ಬಳಿ ಇರುವ ಸಾಮಾನಲ್ಲ. ಅವನ ಬಳಿ ಇರುವುದು ಹುಲ್ಲಿನ ಮೆದೆ. ಹುಲ್ಲಿನ ಮೇಲೆ ಅಣಬೆ ಬೆಳೆಯುವ ಯತ್ನ ದಕ್ಷಿಣ ಭಾರತದಲ್ಲಿ ಮೊದಲಾದದ್ದು ಬೇರೆ ಜಾತಿಯೊಂದಿಗೆ. ಬರ್ಮಾದಲ್ಲಿ 1940ರಲ್ಲಿ ಸು ಮತ್ತು ಸೇಠ್ ಭತ್ತದ ಹುಲ್ಲಿನ ಅಣಬೆಯ ಕೃಷಿಯ ಬಗ್ಗೆ ಬರೆದಿದ್ದರು. 1943ರಲ್ಲಿ ಕೊಯಮತ್ತೂರಿನ ಕೃಷಿ ವಿಜ್ಞಾನಿಗಳಾದ ಥಾಮಸ್, ರಾಮಕೃಷ್ಣನ್ ಮತ್ತು ನರಸಿಂಹನ್ ಅದನ್ನು ಮದರಾಸು ಪ್ರಾಂತ್ಯದಲ್ಲಿ ಬೆಳೆದು ತೋರಿಸಿದರು. ಆ ಅಣಬೆಗೆ ಸೆಖೆ ಹೆಚ್ಚು ಬೇಕು, ಕಿತ್ತ ಮೇಲೆ ಬಾಳಿಕೆ ಕಡಿಮೆ. ಬೆಳಗ್ಗೆ ಕಿತ್ತದ್ದು ಮಾರನೆಯ ದಿನಕ್ಕೆ ನೀರಾಗಿ ಕರಗುತ್ತದೆ. ಸಂತೆಗೆ ಹೋಗುವ ಮಾಲು ಅದಾಗಲಿಲ್ಲ.

ಮೈಸೂರಿನ ಸಂಶೋಧನಾಲಯ ಹುಟ್ಟಿದ್ದು 1950ರ ಅಕ್ಟೋಬರ್ 21ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಅರಮನೆಯಲ್ಲಿ. ಸ್ಥಾಪಕ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಅಲ್ಲಿನ ವಿಜ್ಞಾನಿಗಳು ಕಡಲೆಕಾಯಿ ಹಿಂಡಿ ಮತ್ತು ಕಡಲೆಹಿಟ್ಟಿನಿಂದ ಬಡವರಿಗಾಗಿ ಪೌಷ್ಟಿಕ ಆಹಾರ ತಯಾರಿಸುತ್ತಿದ್ದರು. ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ರೂಪುಗೊಂಡದ್ದೂ ಅಲ್ಲೇ. ಬಳಿಕ ಅಮುಲ್ ಅದನ್ನು ದೇಶದ ತುಂಬ ಒಯ್ದಿತು. ದೇಶ ಅಮೆರಿಕದ ಗೋಧಿ ಹಡಗಿಗಾಗಿ ಬಂದರಿನ ಕಡೆ ನೋಡುತ್ತಿದ್ದ ಆ ದಿನಗಳಲ್ಲಿ ಅರಮನೆಯ ಕೋಣೆಗಳು ಹಸಿವಿನ ಲೆಕ್ಕ ಮಾಡುತ್ತಿದ್ದವು. ಬಾನೊ ಅವರ ಅಣಬೆ ಆ ಲೆಕ್ಕದ್ದೇ ಒಂದು ಸಾಲು.

ಅವರು ಹುಲ್ಲಿನ ಪ್ರಯೋಗಕ್ಕೇ ನಿಲ್ಲಲಿಲ್ಲ. ಮರುವರ್ಷವೇ, 1963ರಲ್ಲಿ, ಬಾನೊ, ಶ್ರೀನಿವಾಸನ್ ಮತ್ತು ಶ್ರೀವಾಸ್ತವ ಈ ಅಣಬೆಯ ಪ್ರೋಟೀನಿನಲ್ಲಿ ಯಾವ ಯಾವ ಅಮೈನೋ ಆಮ್ಲಗಳಿವೆ ಎಂದು ವಿಶ್ಲೇಷಿಸಿ 'ಅಪ್ಲೈಡ್ ಮೈಕ್ರೋಬಯಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾನೊ ಚಿಪ್ಪಣಬೆಯ ಕೈ ಬಿಡಲಿಲ್ಲ. ಎಳೆಗೆ ಯಾವ ಪೋಷಕಾಂಶ ಬೇಕು, ಹುಲ್ಲು ಅಣಬೆಯಾಗುವಾಗ ಅದರೊಳಗೆ ಏನೇನು ಬದಲಾಗುತ್ತದೆ, ಅಣಬೆ ಕಿತ್ತ ಮೇಲೆ ಉಳಿದ ಹುಲ್ಲಿನಿಂದ ಏನು ಮಾಡಬಹುದು ಎಂದು ಬೆನ್ನುಹತ್ತಿ ಹೋದರು. 1980ರ ದಶಕದ ಕೊನೆಗೆ ಸಹೋದ್ಯೋಗಿ ಎಸ್. ರಾಜರತ್ನಂ ಅವರೊಂದಿಗೆ ಬರೆದ ಸುದೀರ್ಘ ಸಮೀಕ್ಷೆಗಳನ್ನು ಜಗತ್ತಿನ ಅಣಬೆ ತಜ್ಞರು ಈಗಲೂ ತೆರೆದು ನೋಡುತ್ತಾರೆ. ಒಂದು ಬೆಳೆಯ ಬೆನ್ನಿಗೆ ಕಾಲು ಶತಮಾನ ನಿಂತ ಈ ವಿಜ್ಞಾನಿಯ ಹೆಸರು ಅವರ ಊರಿನಲ್ಲೇ ತಿಳಿದಿರಬೇಕಾದಷ್ಟು ತಿಳಿದಿಲ್ಲ. ಹುಲ್ಲಿನ ಚೀಲವನ್ನು ಸೂರಿಗೆ ನೇತುಹಾಕುವ ಪ್ರತಿ ಕೈಗೂ ಅವರ ಋಣವಿದೆ.

ಆ ಚೀಲದ ಕೆಲಸ ಹೀಗೆ ಸಾಗುತ್ತದೆ. ಒಣಗಿದ, ಮಳೆಗೆ ಸಿಕ್ಕದ ಹೊಸ ಹುಲ್ಲನ್ನು ಎರಡು ಬೆರಳಿನಷ್ಟು ತುಂಡು ಮಾಡಿ ರಾತ್ರಿಯಿಡೀ ನೆನೆಸುತ್ತಾರೆ. ಬಿಸಿನೀರಿನಲ್ಲೋ ಹಬೆಯಲ್ಲೋ ಕಾಯಿಸಿ, ಅಣಬೆಗೆ ಪೈಪೋಟಿ ಕೊಡುವ ಬೂಸ್ಟುಗಳನ್ನು ಕೊಲ್ಲುತ್ತಾರೆ. ಬಸಿದು, ಆರಿಸಿ, ಹಿಂಡಿ ನೋಡಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅದರ ಮೇಲೆ ಅಣಬೆ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ ಎಂದು ತುಂಬುತ್ತಾರೆ. ಬೀಜ ಅನ್ನುವುದು ರೂಢಿಯ ಮಾತು. ಕೈಗೆ ಸಿಗುವುದು ಬೆಂದ ಜೋಳದ ಕಾಳು, ಅದರ ಮೇಲೆ ಹತ್ತಿಯಂತೆ ಹಬ್ಬಿದ ಬಿಳಿ ಎಳೆ. ಕಾಳಿನ ಮೇಲೆ ಎಳೆ ಹಬ್ಬಿಸುವ ಈ ಉಪಾಯಕ್ಕೆ ಪೆನ್ಸಿಲ್ವೇನಿಯಾದ ಜೇಮ್ಸ್ ಸಿಂಡೆನ್ 1932ರಲ್ಲಿ ಪೇಟೆಂಟ್ ಪಡೆದಿದ್ದರು. ನಮ್ಮಲ್ಲಿ ಅದಕ್ಕೆ ಜೋಳ ಒದಗಿತು. ಚೀಲಕ್ಕೆ ಅಲ್ಲಲ್ಲಿ ತೂತು ಮಾಡಿ ಕತ್ತಲ ಕೋಣೆಯಲ್ಲಿ ತೂಗುಹಾಕಿದರೆ, ಹದಿನೈದು ಇಪ್ಪತ್ತು ದಿನಕ್ಕೆ ಹಳದಿ ಹುಲ್ಲೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗಿ ಗಟ್ಟಿ ಉಂಡೆಯಾಗುತ್ತದೆ. ಆಮೇಲೆ ಬೆಳಕು, ಗಾಳಿ, ದಿನಕ್ಕೆರಡು ಮೂರು ಸಲ ನೀರಿನ ಸಿಂಚನ. ಗುಂಡುಸೂಜಿಯ ತಲೆಯಷ್ಟು ಮೊಗ್ಗು ಕಂಡ ಮೂರು ನಾಲ್ಕು ದಿನಕ್ಕೆ ಅಂಗೈಯಗಲದ ಚಿಪ್ಪುಗಳು ಗೊಂಚಲು ಗೊಂಚಲಾಗಿ ಹೊರಚಾಚುತ್ತವೆ. ಅಂಚು ಒಳಕ್ಕೆ ಬಾಗಿರುವಾಗಲೇ ಕೀಳಬೇಕು. ತಡ ಮಾಡಿದರೆ ಬೀಜಕಣ ಹೊಗೆಯಂತೆ ಹಾರಿ, ಮೂಗಿಗೆ ಬಟ್ಟೆ ಕಟ್ಟದೆ ಕೆಲಸ ಮಾಡುವವರಿಗೆ ಕೆಮ್ಮು ಅಂಟುತ್ತದೆ.

ಅತ್ತ ಉತ್ತರದಲ್ಲಿ ಬೇರೊಂದು ದಾರಿ ತೆರೆದಿತ್ತು. ಹಿಮಾಚಲದ ಸೋಲನ್‌ನಲ್ಲಿ 1961ರಲ್ಲಿ ಗುಂಡಿ ಅಣಬೆಯ, ಅಂದರೆ ಬಟನ್ ಮಶ್ರೂಮ್‌ನ, ಕೃಷಿ ಯೋಜನೆ ಆರಂಭವಾಯಿತು. 1983ರಲ್ಲಿ ಅಲ್ಲಿ ರಾಷ್ಟ್ರೀಯ ಅಣಬೆ ಸಂಶೋಧನಾ ಕೇಂದ್ರ ಬಂತು, 1997ರಲ್ಲಿ ಊರಿಗೆ 'ಭಾರತದ ಅಣಬೆ ನಗರ' ಎಂಬ ಹೆಸರು ಬಿತ್ತು. 1974ರಲ್ಲಿ ಸಿ. ಎಲ್. ಜಂಡಾಯ್ಕ್ ಹಿಮಾಲಯದ ತಪ್ಪಲಿನ ಕಳ್ಳಿ ಗಿಡದ ಮೇಲೆ ಸಿಕ್ಕ ಮತ್ತೊಂದು ಚಿಪ್ಪಣಬೆಯನ್ನು ಕೃಷಿಗೆ ತಂದರು. ಗುಂಡಿ ಅಣಬೆಗೆ ಕೊಳೆಸಿದ ಗೊಬ್ಬರ, ತಣ್ಣನೆ ಕೋಣೆ, ಬಂಡವಾಳ ಬೇಕು. ಚಿಪ್ಪಣಬೆಗೆ ಮೈಸೂರಿನ ಹವೆಯೇ ಸಾಕು. ಬಯಲುಸೀಮೆಯ ಸ್ತ್ರೀಶಕ್ತಿ ಸಂಘದವರು ಒಂದು ಕೋಣೆಯಲ್ಲಿ ಸಾಲಾಗಿ ಚೀಲ ಕಟ್ಟಿ ದುಡಿಯಲು ಸಾಧ್ಯವಾದದ್ದು ಈ ಸರಳತೆಯಿಂದ.

ಅದೇ ಮೈಸೂರಿನಲ್ಲಿ, ಹುಲ್ಲಿನ ಪ್ರಯೋಗಕ್ಕೂ ಬಹಳ ಮೊದಲು, ಇನ್ನೊಂದು ಲೆಕ್ಕ ಕೂಡುತ್ತಿತ್ತು. ಊರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹೆರಿಗೆ ವಿಭಾಗದವರು 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಆಸ್ಪತ್ರೆಯವರು ಮತ್ತು ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು ಮನೆಮನೆ ಹುಡುಕಿ, ಆ ಕೂಸುಗಳನ್ನು ನಡುವಯಸ್ಸಿನ ಗಂಡಸರು, ಹೆಂಗಸರಾಗಿ ಕಂಡುಹಿಡಿದರು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಥ 506 ಜನರಿದ್ದರು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಉದ್ದಕ್ಕೆ ಮೀರಿ ಮೈ ತುಂಬಿಕೊಂಡಿದ್ದವರಲ್ಲಿ, ತಾಯಿಯ ತೂಕ ಹೆಚ್ಚಾಗಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಬೇರೆ ದಾರಿಯಿಂದ ಹತ್ತಿರದ ತಾಣಕ್ಕೇ ಬಂದಿದ್ದರು. 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ಅವರೂ ಅವರ ಬ್ರಿಟಿಷ್ ಗೆಳೆಯ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತ ಚಿತ್ರ ಬಂತು. ಇಬ್ಬರ ದೇಹತೂಕದ ಸೂಚ್ಯಂಕವೂ 22.3. ಆದರೆ ಮೈಯ ಕೊಬ್ಬು ಯುಡ್ಕಿನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯ ಮೈಯೊಳಗೂ ಕೊಬ್ಬು ಅಡಗಿರುತ್ತದೆ, ಸಕ್ಕರೆಯ ಭಾರ ಹೊರುವ ಶಕ್ತಿ ಕಡಿಮೆಯಿರುತ್ತದೆ.

ಇಂಥ ಮೈಗೆ ಪಾಲಿಶ್ ಮಾಡಿದ ಅಕ್ಕಿ ದಂಡಿಯಾಗಿ ಸಿಕ್ಕಿತು. ರಾಗಿಮುದ್ದೆಯ ಜಾಗದಲ್ಲಿ ಮೂರು ಹೊತ್ತೂ ಅನ್ನ ಬಂತು, ಹೊಲದ ಕೆಲಸದ ಜಾಗದಲ್ಲಿ ಕುರ್ಚಿ ಬಂತು. ಹೊಟ್ಟೆ ತುಂಬಿತು, ಅದು ಸಣ್ಣ ಸಾಧನೆಯಲ್ಲ. ಅದರ ಬೆನ್ನಿಗೇ ಬಂದ ಲೆಕ್ಕವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದ ಮುಂದಿಟ್ಟಿತು: ಮಧುಮೇಹಿಗಳು 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿರುವವರು 13.6 ಕೋಟಿ.

ಹೊಸ್ತಿಲು ಎಂಬ ಈ ಕಲ್ಪನೆಗೂ ಒಂದು ಚರಿತ್ರೆಯಿದೆ. 1979ರಲ್ಲಿ ಅಮೆರಿಕದ ತಜ್ಞರ ತಂಡ ಗ್ಲೂಕೋಸ್ ಕುಡಿಸಿದ ಎರಡು ಗಂಟೆಯ ಮೇಲೂ ಸಕ್ಕರೆ ಪೂರ್ತಿ ಇಳಿಯದವರನ್ನು ಮೊದಲ ಬಾರಿಗೆ ಬೇರೆ ವರ್ಗವಾಗಿ ಗುರುತಿಸಿತು. 1997ರಲ್ಲಿ ಉಪವಾಸದ ಸಕ್ಕರೆಗೂ ಅಂಥದೊಂದು ನಡುವಲಯ ಬಂತು, ಆಗ ಗೆರೆ 110 ಮಿಲಿಗ್ರಾಂ. 2003ರಲ್ಲಿ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಅದನ್ನು 100ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 110ರಲ್ಲೇ ನಿಂತಿತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ. 5.7ರಿಂದ 6.4ರೊಳಗಿದ್ದರೂ ಅಮೆರಿಕದ ಲೆಕ್ಕದಲ್ಲಿ ಹೊಸ್ತಿಲೇ. ಗೆರೆ ಎಲ್ಲೇ ಇರಲಿ, ಆ ಹೊಸ್ತಿಲಿನಿಂದ ಹಿಂದಕ್ಕೆ ಬರಲು ಸಾಧ್ಯ ಎಂಬುದು ನಮ್ಮ ಜನರಲ್ಲೇ ತೋರಿಬಂದ ಮಾತು. ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2006ರಲ್ಲಿ ಹೊರಬಂತು. ಊಟ, ನಡಿಗೆ ತಿದ್ದಿಕೊಂಡವರಲ್ಲಿ ಮಧುಮೇಹಕ್ಕೆ ಬೀಳುವ ಅಪಾಯ ಶೇ. 28.5ರಷ್ಟು ಇಳಿದಿತ್ತು, ಮೆಟ್‌ಫಾರ್ಮಿನ್ ಗುಳಿಗೆ ತಿಂದವರಲ್ಲಿ ಶೇ. 26.4. ತಟ್ಟೆಗೂ ಗುಳಿಗೆಗೂ ಹೆಚ್ಚು ಕಡಿಮೆ ಒಂದೇ ಬಲ.

ಅಣಬೆ ಈ ತಟ್ಟೆಯೊಳಗೆ ಬರುವುದು ಹೀಗೆ. ಢಾಕಾದ ಬರ್ಡೆಮ್ ಮಧುಮೇಹ ಆಸ್ಪತ್ರೆಯಲ್ಲಿ ಚಿಪ್ಪಣಬೆಯನ್ನೇ ಹಿಡಿದು ಮಾಡಿದ ಒಂದು ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. 89 ಮಧುಮೇಹಿಗಳು ಏಳು ದಿನ ಅಣಬೆ ತಿಂದರು, ಏಳು ದಿನ ಬಿಟ್ಟರು, ಮತ್ತೆ ಏಳು ದಿನ ತಿಂದರು. ತಿಂದಾಗ ಉಪವಾಸದ ಸಕ್ಕರೆ, ಊಟದ ನಂತರದ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಇಳಿದವು. ಬಿಟ್ಟಾಗ ಸಕ್ಕರೆ ಮೇಲೇರಿತು. 2015ರಲ್ಲಿ ಶ್ರೀಲಂಕಾದ ಜಯಸೂರಿಯ ಮತ್ತು ಸಂಗಡಿಗರು ಒಣಗಿಸಿದ ಚಿಪ್ಪಣಬೆಯ ಪುಡಿಯನ್ನು ದೇಹತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂನಂತೆ ಕೊಟ್ಟು ನೋಡಿದರು. 60 ಕಿಲೋ ತೂಕದವರಿಗೆ ಅದು 3 ಗ್ರಾಂ ಪುಡಿ, ಹಸಿ ಅಣಬೆಯ ಲೆಕ್ಕದಲ್ಲಿ ಸುಮಾರು 30 ಗ್ರಾಂ. ಆರೋಗ್ಯವಂತರಲ್ಲೂ ಮಧುಮೇಹಿಗಳಲ್ಲೂ ಸಕ್ಕರೆ ಇಳಿಯಿತು. ಭತ್ತ ಬೆಳೆಯುವ, ಅನ್ನ ಉಣ್ಣುವ ಎರಡು ನೆರೆನಾಡುಗಳಿಂದ ಬಂದ ಈ ಫಲಿತಾಂಶ ಭರವಸೆ ಹುಟ್ಟಿಸುವಂಥದ್ದು. ಆದರೆ ಇವು ಕಿರು ಅವಧಿಯ ಪರೀಕ್ಷೆಗಳು. ಮೂರು ವಾರದಲ್ಲಿ ಕಂಡದ್ದು ಮೂರು ವರ್ಷ ನಿಲ್ಲುತ್ತದೆಯೇ ಎಂಬುದಕ್ಕೆ ಇವುಗಳಲ್ಲಿ ಉತ್ತರವಿಲ್ಲ.

ಹೊಸ್ತಿಲಲ್ಲಿದ್ದವರ ಮೇಲೇ ಮಾಡಿದ ಒಂದು ಅಧ್ಯಯನ ಅಮೆರಿಕದ್ದು, ಅದು ಗುಂಡಿ ಅಣಬೆಯದು. ಮೂಲದಲ್ಲಿ ಅದು ವಿಟಮಿನ್ ಡಿಗಾಗಿ ನಡೆದ ಪ್ರಯೋಗ. ಅತಿನೇರಳೆ ಬೆಳಕು ಬಿದ್ದರೆ ಅಣಬೆಯೊಳಗಿನ ಎರ್ಗೋಸ್ಟೆರಾಲ್ ಎಂಬ ವಸ್ತು ವಿಟಮಿನ್ ಡಿ2 ಆಗುತ್ತದೆ. ಅಂಥ ಅಣಬೆಯನ್ನು ಬೇಯಿಸಿ, ದಿನಕ್ಕೆ 100 ಗ್ರಾಂನಂತೆ 16 ವಾರ ತಿನ್ನಿಸಿದರು. ರಕ್ತದಲ್ಲಿ ಡಿ2 ಏರಿತು, ಅದೇ ಹೊತ್ತಿಗೆ ಡಿ3 ಇಳಿದು ಒಟ್ಟು ಮೊತ್ತ ಇದ್ದಲ್ಲೇ ಇತ್ತು. ಆಮೇಲೆ ಅವರಲ್ಲಿ 37 ಜನರ ರಕ್ತದ ಮಾದರಿಗಳನ್ನು ಮತ್ತೆ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿದರು. ಎರ್ಗೋಥಯೋನೀನ್ ಎಂಬ ಉತ್ಕರ್ಷಣ ನಿರೋಧಕ ಎರಡು ಪಟ್ಟಾಗಿತ್ತು. ಉರಿಯೂತ ತಗ್ಗಿಸುವ ಅಡಿಪೋನೆಕ್ಟಿನ್ ಹಾರ್ಮೋನ್ ಹೆಚ್ಚಿತ್ತು. ಸಕ್ಕರೆ ಪ್ರೋಟೀನಿಗೆ ಅಂಟಿ ಹುಟ್ಟುವ ಹಾನಿಕಾರಕ ವಸ್ತುಗಳು ಇಳಿದಿದ್ದವು. ರಕ್ತದ ಸಕ್ಕರೆ ಮತ್ತು ಇನ್ಸುಲಿನ್ ಪ್ರತಿರೋಧದ ಅಳತೆಗಳು ಮಾತ್ರ ಬದಲಾಗಿರಲಿಲ್ಲ. ಈ ಕೊನೆಯ ಸಾಲನ್ನು ಅಣಬೆ ಪುಡಿ, ಕ್ಯಾಪ್ಸೂಲ್ ಮಾರುವವರ ಜಾಹೀರಾತಿನಲ್ಲಿ ಯಾರೂ ಕಾಣರು. ಅದೇ ಸಾಲು ಓದುಗರಿಗೆ ಮೊದಲು ತಲುಪಬೇಕಾದದ್ದು.

ಎರ್ಗೋಥಯೋನೀನ್‌ನ ಕತೆ ಚಿಕ್ಕದಾದರೂ ಸೊಗಸಾದದ್ದು. 1909ರಲ್ಲಿ ಫ್ರಾನ್ಸಿನ ಶಾರ್ಲ್ ತಾನ್ರೆ ಧಾನ್ಯದ ತೆನೆಗೆ ಹತ್ತುವ ಎರ್ಗಾಟ್ ಎಂಬ ಬೂಸ್ಟಿನಿಂದ ಅದನ್ನು ಬೇರ್ಪಡಿಸಿದರು. ಮನುಷ್ಯನ ಮೈ ಅದನ್ನು ತಾನಾಗಿ ತಯಾರಿಸಲಾರದು. ಆದರೂ ಅದನ್ನು ಕರುಳಿನಿಂದ ಎತ್ತಿಕೊಂಡು ಜೀವಕೋಶದೊಳಗೆ ಒಯ್ಯಲು ಮೈಯಲ್ಲಿ ಒಂದು ಪ್ರತ್ಯೇಕ ವಾಹಕ ಪ್ರೋಟೀನ್ ಇದೆ ಎಂದು 2005ರಲ್ಲಿ ಜರ್ಮನಿಯ ಗ್ರುಂಡೆಮಾನ್ ಮತ್ತು ಸಂಗಡಿಗರು ತೋರಿಸಿದರು. ಆಹಾರಗಳ ಪೈಕಿ ಅದು ಹೇರಳವಾಗಿರುವುದು ಅಣಬೆಯಲ್ಲಿ. ಗುಂಡಿ ಅಣಬೆಗಿಂತ ಚಿಪ್ಪಣಬೆಯಲ್ಲಿ ಹೆಚ್ಚು.

ಹಾಗಾದರೆ ಹೊಸ್ತಿಲಲ್ಲಿ ನಿಂತವರಿಗೆ ಅಣಬೆಯಿಂದ ಏನು ಸಿಗುತ್ತದೆ? ಔಷಧವಲ್ಲ, ಒಳ್ಳೆಯ ಪಲ್ಯ. ಒಂದು ಬಟ್ಟಲು ಅನ್ನ, ಅಂದರೆ 100 ಗ್ರಾಂ, ಸುಮಾರು 28 ಗ್ರಾಂ ಪಿಷ್ಟ ಮತ್ತು 130 ಕ್ಯಾಲೊರಿ ಕೊಡುತ್ತದೆ. ಅಷ್ಟೇ ತೂಕದ ಹಸಿ ಚಿಪ್ಪಣಬೆ ಸುಮಾರು 33 ಕ್ಯಾಲೊರಿ, 3.3 ಗ್ರಾಂ ಪ್ರೋಟೀನ್, ನಾರೂ ಸೇರಿ 6 ಗ್ರಾಂ ಶರ್ಕರಪಿಷ್ಟ. ಬೀಟಾ ಗ್ಲೂಕನ್, ಕೈಟಿನ್ ಎಂಬ ನಾರುಗಳು ಹೊಟ್ಟೆಯಲ್ಲಿ ಊಟವನ್ನು ನಿಧಾನಿಸುತ್ತವೆ. ಎರಡು ಸೌಟು ಅನ್ನ ಇಳಿಸಿ ಆ ಜಾಗಕ್ಕೆ ಅಣಬೆ ಹಾಕಿಕೊಂಡರೆ ಲಾಭ ಖಚಿತ. ಅನ್ನ ಇದ್ದಷ್ಟೇ ಇದ್ದು ಅದರ ಮೇಲೆ ಮೈದಾ ಹಿಟ್ಟಿನಲ್ಲಿ ಅದ್ದಿ ಕರಿದ ಮಶ್ರೂಮ್ ಮಂಚೂರಿ ಬಂದರೆ ಎಣ್ಣೆ, ಮೈದಾ ಕೂಡಿ ಲೆಕ್ಕ ತಿರುಗುಮುರುಗಾಗುತ್ತದೆ. ಗುಳಿಗೆ ತಿನ್ನುತ್ತಿರುವವರು ಅಣಬೆಯನ್ನು ನಂಬಿ ಗುಳಿಗೆ ಬಿಡುವಂತಿಲ್ಲ.

ಕಾಡಿನ ಅಣಬೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ಅರಿಶಿನದ ನೀರಿಗೆ ಹಾಕಿದರೆ, ಬೆಳ್ಳಿಯ ನಾಣ್ಯ ಇಟ್ಟರೆ, ಈರುಳ್ಳಿ ಜೊತೆ ಬೇಯಿಸಿದರೆ ವಿಷದ ಅಣಬೆ ಬಣ್ಣ ಬಿಟ್ಟು ತೋರಿಸಿಕೊಡುತ್ತದೆ ಎಂಬ ನಂಬಿಕೆಯಿದೆ. ಇದು ಸುಳ್ಳು. ಯಕೃತ್ತನ್ನು ಕೆಡಿಸುವ ಅಮಾನಿಟಾ ಜಾತಿಯ ವಿಷ ಬೆಂದರೂ ಹೋಗುವುದಿಲ್ಲ, ಯಾವ ಬಣ್ಣವನ್ನೂ ತೋರುವುದಿಲ್ಲ. ಅಜ್ಜಿ ಕಣ್ಣಾರೆ ಗುರುತಿಸಿ ಕೊಟ್ಟ ಅಣಬೆ ಬೇರೆ, ಮೊಬೈಲಿನ ಚಿತ್ರ ನೋಡಿ ಕಿತ್ತದ್ದು ಬೇರೆ.

ಚಿಪ್ಪಣಬೆಗೆ ಆ ಭಯವಿಲ್ಲ, ಬೀಜ ಎಲ್ಲಿಂದ ಬಂತೆಂದು ಗೊತ್ತಿರುತ್ತದೆ. ಗೊಂಚಲನ್ನು ಬುಡದಿಂದ ಬಿಡಿಸಿ, ನೀರಿನಲ್ಲಿ ಒಮ್ಮೆ ಆಡಿಸಿ, ಕತ್ತಿ ಮುಟ್ಟಿಸದೆ ಕೈಯಿಂದಲೇ ಉದ್ದುದ್ದ ಸೀಳುತ್ತಾರೆ. ಬಿಸಿ ಬಾಣಲೆಗೆ ಒಂದು ಚಮಚ ಎಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಅಣಬೆ ಬಿದ್ದೊಡನೆ ನೀರು ಬಿಡುತ್ತದೆ, ಮುಚ್ಚಳ ಹಾಕಬಾರದು. ನೀರು ಇಂಗಿ ಅಂಚು ಕೆಂಪಾಗುವವರೆಗೆ ಕಾದು ಕಾಳುಮೆಣಸಿನ ಪುಡಿ ಉದುರಿಸಿದರೆ ಮುದ್ದೆಯ ಪಕ್ಕಕ್ಕೆ ಪಲ್ಯ ಸಿದ್ಧ.

ಒಂದು ಚೀಲ ಎರಡು ಮೂರು ಸಲ ಕೊಯ್ಲು ಕೊಡುತ್ತದೆ, ಪ್ರತಿ ಸಲಕ್ಕೂ ಗೊಂಚಲು ಸಣ್ಣದಾಗುತ್ತ ಬರುತ್ತದೆ. ಕೊನೆಯ ಕೊಯ್ಲು ಮುಗಿದ ಮೇಲೆ ಪ್ಲಾಸ್ಟಿಕ್ ಬಿಚ್ಚಿದರೆ ಉಂಡೆ ಹಗುರವಾಗಿರುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಅಣಬೆಯ ಎಳೆ ಹುಲ್ಲಿನ ಗಡಸನ್ನೆಲ್ಲ ತಿಂದು ಮೆದುಗೊಳಿಸಿರುತ್ತದೆ. ಬೂಸ್ಟು ಹತ್ತದ, ಒಳ್ಳೆಯ ವಾಸನೆಯ ಹುಲ್ಲನ್ನು ಒಣಗಿಸಿ ಕೊಟ್ಟಿಗೆಯ ಗೋದಲಿಗೆ ಹಾಕುತ್ತಾರೆ. ಉಳಿದದ್ದು ಎರೆಗೊಬ್ಬರದ ಗುಂಡಿಗೆ ಹೋಗಿ ಮುಂದಿನ ಮುಂಗಾರಿಗೆ ಭತ್ತದ ಮಡಿಯ ಮಣ್ಣು ಸೇರುತ್ತದೆ.